ವಿಕಿಪೀಡಿಯವೆಂಬ ವಿಶ್ವಕೋಶದಲ್ಲಿ ತಕರಾರುಗಳ ಪರಿಹಾರವೂ ತಡೆಯ ನಿವಾರಣೆಯೂ

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಮುಖ್ಯೋಪಾಧ್ಯಾಯಿನಿಯಾದವಳು ವಾಡಿಕೆಯಾಗಿ ಬರೆಯುವಂತೆ ಶಿಸ್ತು, ಶುಚಿತ್ವ, ಸಮಯಪಾಲನೆಗಳ ವಿಷಯವಾಗಿಯೇ ನಾಲ್ಕು ಮಾತುಗಳನ್ನು ಬರೆಯೋಣವೆಂದು ಮೊದಲು ಯೋಚಿಸಿದ್ದೆನು. ಆದರೆ ಕಳೆದ ಜುಲೈ ತಿಂಗಳಲ್ಲಿ ನನ್ನ ಕೊಠಡಿಯಲ್ಲಿ ನಡೆದ ಒಂದು ಪ್ರಸಂಗವು ಆ ಯೋಚನೆಯನ್ನು ಬದಲಾಯಿಸಿತು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರ ಮಕ್ಕಳು ಈಗ ಕೈಯಲ್ಲಿ ಮೊಬೈಲು ಹಿಡಿದು ಬರೆಯತೊಡಗಿರುವರಾದ್ದರಿಂದ, ಅದು ಅವರಿಗೂ ಇತರ ಪೋಷಕರಿಗೂ ಉಪಯೋಗವಾದೀತೆಂದು ಇಲ್ಲಿ ವಿವರಿಸುತ್ತೇನೆ.

ಅಂದು ಸೋಮವಾರ. ಪ್ರಾರ್ಥನೆಯ ಗಂಟೆ ಇನ್ನೂ ಬಾರಿಸಿರಲಿಲ್ಲ. ವಿಜಯನಗರದಲ್ಲಿ ವಾಸವಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು, ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ತನ್ನ ಮಗಳನ್ನು ಮುಂದಿಟ್ಟುಕೊಂಡು ಬಂದು ಬಾಗಿಲಲ್ಲಿ ನಿಂತಳು. ನಾನು ಶಿಕ್ಷಣ ತರಬೇತಿಯನ್ನು ಮುಗಿಸಿ ಈ ಶಾಲೆಗೆ ಉಪಾಧ್ಯಾಯಿನಿಯಾಗಿ ಬಂದ ಮೊದಲ ವರ್ಷದಲ್ಲಿ ಈ ತಾಯಿ ಎಂಟನೆಯ ತರಗತಿಯ ಹುಡುಗಿ. ಮಗಳ ಕಣ್ಣು ಅತ್ತು ಕೆಂಪಗಾಗಿತ್ತು.

“ಏನಮ್ಮಾ, ಏನಾಯಿತು?” ಎಂದು ಕೇಳಿದೆನು.

“ಮಿಸ್, ನನ್ನನ್ನು ವಿಕಿಪೀಡಿಯದಲ್ಲಿ ತಡೆದುಬಿಟ್ಟಿದ್ದಾರೆ. ನಾನು ಬರೆದದ್ದು ಸರಿಯಾಗಿಯೇ ಇತ್ತು,” ಎಂದಳು ಮಗಳು.

“ಅವಳು ಸುಳ್ಳು ಬರೆಯುವವಳಲ್ಲ, ಮಿಸ್. ನಿಮಗೇ ಗೊತ್ತು. ಇದಕ್ಕೆ ಯಾರಲ್ಲಿ ದೂರು ಕೊಡಬೇಕು? ಅವಳ ತಂದೆಯವರು ವಕೀಲರ ನೋಟೀಸು ಕೊಡಿಸೋಣವೆನ್ನುತ್ತಾರೆ,” ಎಂದಳು ತಾಯಿ.

ವಕೀಲರ ಮಾತನ್ನು ಕೇಳಿ ನನಗೆ ನಗು ಬಂದಿತಾದರೂ ಹುಡುಗಿಯ ಮುಖವನ್ನು ನೋಡಿ ನಗಲಿಲ್ಲ. ಇಬ್ಬರನ್ನೂ ಕೂರಿಸಿ, ಶುಕ್ರವಾರ ರಾತ್ರಿಯಿಂದ ನಡೆದದ್ದೆಲ್ಲವನ್ನೂ ಕ್ರಮವಾಗಿ ಹೇಳೆಂದೆನು.

ಅದನ್ನು ತಿಳಿಯಬೇಕಾದರೆ ಈ ವಿಶ್ವಕೋಶದ ಸ್ವರೂಪವನ್ನು ಸ್ವಲ್ಪ ಅರಿತಿರಬೇಕು. ನಾವು ಚಿಕ್ಕವರಾಗಿದ್ದಾಗ ವಿಶ್ವಕೋಶವೆಂದರೆ ಮೈಸೂರು ವಿಶ್ವವಿದ್ಯಾನಿಲಯದವರು ಹದಿನಾಲ್ಕು ಸಂಪುಟಗಳಲ್ಲಿ ಹೊರತಂದ ಕನ್ನಡ ವಿಶ್ವಕೋಶ. ಅದರ ಮೊದಲನೆಯ ಸಂಪುಟ ೧೯೬೯ರಲ್ಲಿ ಹೊರಬಂದಿತು. ಅದಕ್ಕೂ ಹಿಂದೆ, ೧೯೩೬ರಲ್ಲಿ, ಶಿವರಾಮ ಕಾರಂತರು ಮಕ್ಕಳಿಗಾಗಿ ಒಬ್ಬರೇ ಕುಳಿತು ಮೂರು ಸಂಪುಟಗಳ ಬಾಲಪ್ರಪಂಚವನ್ನು ರಚಿಸಿಕೊಟ್ಟಿದ್ದರು. ಇಂತಹ ಗ್ರಂಥಗಳಲ್ಲಿ ಬರೆಯುವವರು ವಿದ್ವಾಂಸರು; ಏನಿರಬೇಕು, ಏನಿರಬಾರದು ಎಂದು ತೀರ್ಮಾನಿಸತಕ್ಕವರು ಸಂಪಾದಕರು; ಭಿನ್ನಾಭಿಪ್ರಾಯಗಳೇನಿದ್ದರೂ ಅವು ಅಚ್ಚಿಗೆ ಹೋಗುವ ಮೊದಲೇ ಕೊಠಡಿಯೊಳಗೆ ತೀರಿರುತ್ತಿದ್ದವು. ವಿಕಿಪೀಡಿಯದಲ್ಲಿ ಹಾಗಲ್ಲ. ೨೦೦೧ನೆಯ ಜನವರಿ ೧೫ರಂದು ಅಮೆರಿಕದಲ್ಲಿ ಆರಂಭವಾದ ಈ ವಿಶ್ವಕೋಶದಲ್ಲಿ ಯಾರು ಬೇಕಾದರೂ ಬರೆಯಬಹುದು, ಮತ್ತೊಬ್ಬರು ಬರೆದದ್ದನ್ನು ತಿದ್ದಬಹುದು. ಕನ್ನಡದ್ದು ೨೦೦೩ನೆಯ ಜೂನ್ ತಿಂಗಳಲ್ಲಿ ಮೊದಲಾಯಿತು. ಆಂಗ್ಲದಲ್ಲಿ ಎಪ್ಪತ್ತು ಲಕ್ಷಕ್ಕೂ ಮೇಲ್ಪಟ್ಟು ಲೇಖನಗಳಿದ್ದರೆ ಕನ್ನಡದಲ್ಲಿ ಮೂವತ್ತು ಸಾವಿರಕ್ಕಿಂತ ಕೊಂಚ ಹೆಚ್ಚು. ಬರೆಯುವವರಿಗೆ ಸಂಬಳವಿಲ್ಲ. ತಿದ್ದುವವರಿಗೂ, ಕಾವಲಿರುವ ನಿರ್ವಾಹಕರಿಗೂ ಇಲ್ಲ. ಎಲ್ಲರ ಜಗಳವೂ ಎಲ್ಲರ ಕಣ್ಣೆದುರಿಗೇ ನಡೆಯುತ್ತದೆ.

ಇನ್ನು ನಮ್ಮ ಹುಡುಗಿಯ ವಿಷಯ. ಇತಿಹಾಸದ ಪಾಠದಲ್ಲಿ ಉಪಾಧ್ಯಾಯಿನಿಯವರು ಬೆಂಗಳೂರೆಂಬ ಹೆಸರಿನ ಮೂಲವನ್ನು ಹೇಳಿದ್ದರು. ಬೇಟೆಯಲ್ಲಿ ದಾರಿತಪ್ಪಿದ ಹೊಯ್ಸಳ ದೊರೆ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳೆಂದೂ, ಅದರಿಂದ ಬೆಂದಕಾಳೂರೆಂಬ ಹೆಸರಾಯಿತೆಂದೂ ನಾವೆಲ್ಲರೂ ಕೇಳಿದ ಕಥೆಯುಂಟಷ್ಟೆ. ಆದರೆ ನಗರದ ದಕ್ಷಿಣಕ್ಕಿರುವ ಬೇಗೂರಿನ ದೇವಾಲಯದಲ್ಲಿ ಕ್ರಿ.ಶ. ೮೯೦ರ ಸುಮಾರಿನ ವೀರಗಲ್ಲೊಂದಿದ್ದು, ಬೆಂಗಳೂರಿನ ಕಾಳಗದಲ್ಲಿ ಮಡಿದವನೊಬ್ಬನ ಸ್ಮರಣೆ ಅದರಲ್ಲಿದೆ. ವೀರಬಲ್ಲಾಳನು ಪಟ್ಟಕ್ಕೆ ಬರುವುದಕ್ಕೆ ಇನ್ನೂರೆಂಬತ್ತು ವರ್ಷಗಳಷ್ಟು ಹಿಂದೆಯೇ ಊರಿಗೆ ಆ ಹೆಸರಿತ್ತೆಂದಾಯಿತು. ಇದನ್ನು ತಿಳಿದ ಹುಡುಗಿ ಮನೆಗೆ ಹೋಗಿ, ಆಂಗ್ಲ ವಿಕಿಪೀಡಿಯದ ಒಂದು ಪುಟದಲ್ಲಿ ಬೆಂದ ಕಾಳಿನ ಕಥೆಯನ್ನು ಕಂಡು, “ಇದು ಸುಳ್ಳು” ಎಂದು ಷರಾ ಬರೆದು ಆ ಭಾಗವನ್ನು ಪೂರ್ತಿ ಅಳಿಸಿಹಾಕಿದಳು. ಅರ್ಧ ಗಂಟೆಯೊಳಗೆ ಬೇರೊಬ್ಬ ಸದಸ್ಯರು ಅದನ್ನು ಮತ್ತೆ ಸ್ವಸ್ಥಾನದಲ್ಲಿಟ್ಟರು. ಇವಳು ಪುನಃ ಅಳಿಸಿದಳು. ಅವರು ಪುನಃ ಇಟ್ಟರು. ಹೀಗೆ ರಾತ್ರಿ ಹನ್ನೊಂದರೊಳಗಾಗಿ ಇವಳು ಅಳಿಸಿದ್ದು ಒಟ್ಟು ಐದು ಸಲ. ಕೊನೆಯ ಷರಾದಲ್ಲಿ ಆ ಸದಸ್ಯರನ್ನು ದಡ್ಡರೆಂದೂ ಕರೆದಿದ್ದಳು. ಮಲಗುವ ಹೊತ್ತಿಗೆ ಇಪ್ಪತ್ತನಾಲ್ಕು ಗಂಟೆಗಳ ತಡೆ ಬಿದ್ದಿತ್ತು.

ಇಲ್ಲಿ ಹುಡುಗಿಯ ವಾದದಲ್ಲಿ ಸತ್ಯವಿತ್ತೆಂಬುದನ್ನು ನಾನು ಅಲ್ಲಗಳೆಯಲಾರೆನು. ಶಾಸನವು ಹಳೆಯದು, ಕಥೆಯು ಅದರೆದುರು ನಿಲ್ಲದು. ಆದರೂ ಮೂರು ವಿಧದಲ್ಲಿ ಅವಳು ತಪ್ಪಿದ್ದಳು. ಮೊದಲನೆಯದು, ಜನರು ತಲೆತಲಾಂತರದಿಂದ ಹೇಳಿಕೊಂಡು ಬಂದ ಕಥೆಯನ್ನು ಕಥೆಯೆಂದೇ ಹೇಳಿದರೆ ಅದರಲ್ಲಿ ಸುಳ್ಳೇನೂ ಇಲ್ಲ. ಅದನ್ನು ಅಳಿಸದೆ, ಅದರ ಪಕ್ಕದಲ್ಲಿ ಶಾಸನದ ಮಾತನ್ನಿಟ್ಟರೆ ಸಾಕಾಗಿತ್ತು. ಎರಡನೆಯದು, ತಾನು ಹೇಳುವುದಕ್ಕೆ ಆಧಾರವಾವುದೆಂದು ಅವಳು ಎಲ್ಲಿಯೂ ತೋರಿಸಿರಲಿಲ್ಲ. “ನಮ್ಮ ಮಿಸ್ ಹೇಳಿದರು” ಎಂಬುದು ನಮ್ಮ ಶಾಲೆಯ ಕಾಂಪೌಂಡಿನೊಳಗೆ ದೊಡ್ಡ ಪ್ರಮಾಣವೇ ಆಗಿರಬಹುದು. ಅಲ್ಲಿ ಮಾತ್ರ ಪ್ರಕಟವಾದ ಗ್ರಂಥವನ್ನು, ಪುಟಸಂಖ್ಯೆಯ ಸಹಿತ, ಕೇಳುತ್ತಾರೆ. ಬೇಗೂರಿಗೆ ತಾನೇ ಹೋಗಿ ಕಲ್ಲನ್ನು ಓದಿಬಂದೆನೆಂದರೂ ಒಪ್ಪುವುದಿಲ್ಲ, ಓದಿದವರು ಅಚ್ಚು ಹಾಕಿಸಿರಬೇಕು. ಮೂರನೆಯದೇ ಮುಖ್ಯವಾದದ್ದು. ಆ ಐದು ಸಲಗಳಲ್ಲಿ ಒಮ್ಮೆಯಾದರೂ ಅವಳು ಎದುರಿನವರೊಡನೆ ಮಾತಾಡಿರಲಿಲ್ಲ.

ಮಾತಾಡಲು ಸ್ಥಳವಿಲ್ಲವೆಂದಲ್ಲ. ಪ್ರತಿಯೊಂದು ಲೇಖನದ ಬೆನ್ನಿಗೂ ‘ಚರ್ಚೆ’ ಎಂಬ ಮತ್ತೊಂದು ಪುಟವಿರುತ್ತದೆ. ಓದುಗರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಅದನ್ನು ಎಂದೂ ತೆರೆದಿರಲಾರರು. ನಾನೂ ಬಹುಕಾಲ ತೆರೆದಿರಲಿಲ್ಲ. ಲೇಖನದಲ್ಲಿ ಏನಿರಬೇಕೆಂಬ ವಾದವೆಲ್ಲ ಅಲ್ಲಿ ನಡೆಯಬೇಕಾದದ್ದು. ಇದಲ್ಲದೆ ‘ಇತಿಹಾಸ’ ಎಂಬ ಪಟ್ಟಿಯಲ್ಲಿ ಯಾವ ದಿನ, ಯಾವ ನಿಮಿಷದಲ್ಲಿ, ಯಾರು ಯಾವ ಅಕ್ಷರವನ್ನು ಬದಲಾಯಿಸಿದರೆಂಬುದು ನಮ್ಮ ಹಾಜರಿ ಪುಸ್ತಕದಲ್ಲಿರುವಂತೆ ದಾಖಲಾಗಿರುತ್ತದೆ. ಅಳಿಸಿದ್ದು ಎಂದೂ ಕಳೆದುಹೋಗುವುದಿಲ್ಲ, ಒಂದು ಒತ್ತಿನಿಂದ ಹಿಂದಕ್ಕೆ ಬರುತ್ತದೆ. ಆದುದರಿಂದ ಒಂದು ರಾತ್ರಿ ತಪ್ಪು ವಾಕ್ಯವೇ ಪುಟದಲ್ಲಿ ನಿಂತಿದ್ದರೆ ಆಕಾಶವೇನೂ ಕಳಚಿಬೀಳದು. ಇದನ್ನು ಅರಿತ ಹಳಬರು, ತಮ್ಮ ಬದಲಾವಣೆಯನ್ನು ಯಾರಾದರೂ ಒಮ್ಮೆ ಹಿಂದಕ್ಕೆ ತಿರುಗಿಸಿದರೆ, ಎರಡನೆಯ ಸಲ ಕೈಹಾಕದೆ ನೇರವಾಗಿ ಚರ್ಚೆಯ ಪುಟಕ್ಕೆ ಹೋಗುತ್ತಾರೆ. ಆಂಗ್ಲ ವಿಕಿಪೀಡಿಯದಲ್ಲಿ, ಒಂದೇ ಪುಟದಲ್ಲಿ ಇಪ್ಪತ್ತನಾಲ್ಕು ಗಂಟೆಗಳೊಳಗೆ ಮೂರಕ್ಕಿಂತ ಹೆಚ್ಚು ಸಲ ಬೇರೆಯವರ ಬರಹವನ್ನು ಹಿಂದಿರುಗಿಸಕೂಡದೆಂಬ ಸ್ಪಷ್ಟ ನಿಯಮವೇ ಉಂಟು. ಹಾಗೆಂದು ಮೂರು ಸಲದವರೆಗೆ ಹಕ್ಕುಂಟೆಂದು ತಿಳಿಯಬಾರದು. ಎರಡನೆಯದಕ್ಕೇ ತಡೆ ಬಿದ್ದವರಿದ್ದಾರೆ. ನಮ್ಮ ಹುಡುಗಿ ಹೇಳುತ್ತಿದ್ದುದು ಸರಿ ಎಂಬುದು ಈ ನಿಯಮಕ್ಕೆ ಲೆಕ್ಕಕ್ಕಿಲ್ಲ. ಏಕೆಂದರೆ ಜಗಳದಲ್ಲಿರುವ ಇಬ್ಬರೂ ತಾವೇ ಸರಿಯೆಂದು ಹೇಳುವವರೇ.

ಇಂತಹ ತಕರಾರುಗಳು ಮಕ್ಕಳದು ಮಾತ್ರವಲ್ಲ. ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಿರಿ. ೨೦೧೪ನೆಯ ನವೆಂಬರ್ ೧ರಂದು ಸರ್ಕಾರದವರು ಆಂಗ್ಲದಲ್ಲಿಯೂ ಬೆಂಗಳೂರು ಎಂದೇ ಬರೆಯತಕ್ಕದ್ದೆಂದು ವಿಧಿಸಿದರು. ಆದರೂ ಆಂಗ್ಲ ವಿಕಿಪೀಡಿಯದಲ್ಲಿ ಆ ಮೇಲೆ ಅನೇಕ ವರ್ಷಗಳ ಕಾಲ ಬ್ಯಾಂಗಲೋರ್ ಎಂಬ ಶಿರೋನಾಮೆಯೇ ನಿಂತಿತು. ಕನ್ನಡಿಗರ ಮೇಲಿನ ಅಸಡ್ಡೆಯೇ ಇದಕ್ಕೆ ಕಾರಣವೆಂದು ಕೋಪಗೊಂಡವರು ಬಹಳ ಮಂದಿ. ನಾನೂ ಅವರಲ್ಲಿ ಒಬ್ಬಳಾಗಿದ್ದೆನು. ವಾಸ್ತವವಾಗಿ ಅಲ್ಲಿಯ ನಿಯಮವು ಸರ್ಕಾರದ ಆಜ್ಞೆಯನ್ನಲ್ಲ, ಆಂಗ್ಲ ಬರಹಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಹೆಸರನ್ನು ಅನುಸರಿಸುತ್ತದೆ. ರಾತ್ರೋರಾತ್ರಿ ಶಿರೋನಾಮೆಯನ್ನು ತಿದ್ದಿದವರಿಂದ ಏನೂ ಆಗಲಿಲ್ಲ. ಪತ್ರಿಕೆಗಳೂ ಗ್ರಂಥಗಳೂ ಈಗ ಯಾವ ಹೆಸರನ್ನು ಬಳಸುತ್ತಿವೆಯೆಂದು ಉದಾಹರಣೆ ಕೂಡಿಸಿಟ್ಟವರ ಮಾತಿಗೆ ಮಾತ್ರ ಅಲ್ಲಿ ತೂಕವುಂಟು.

ಇನ್ನೊಂದು ಸಂಗತಿಯು ನನಗೆ ಇಂದಿಗೂ ಸ್ವಲ್ಪ ನೋವನ್ನುಂಟುಮಾಡುವಂಥದು. ನಮ್ಮ ದೇಶದ ಊರುಗಳ ಮತ್ತು ವ್ಯಕ್ತಿಗಳ ಆಂಗ್ಲ ಪುಟಗಳನ್ನು ತೆರೆದರೆ, ಮೊದಲ ಸಾಲಿನಲ್ಲಿ ಆ ಹೆಸರು ಕನ್ನಡ ಲಿಪಿಯಲ್ಲಿ ಕಾಣುವುದಿಲ್ಲ. ಜಪಾನಿನ ಊರಿಗೆ ಜಪಾನಿ ಲಿಪಿಯುಂಟು, ನಮ್ಮದಕ್ಕೆ ಇಲ್ಲ. ಇದು ಯಾರೋ ಪರದೇಶೀಯರು ಹೇರಿದ್ದಲ್ಲ. ಯಾವ ಹೆಸರಿಗೆ ಯಾವ ಲಿಪಿ, ಯಾವುದು ಮೊದಲು, ಯಾವುದು ಆಮೇಲೆ ಎಂಬ ಕಾದಾಟ ಮುಗಿಯದೆ ಹೋದದ್ದರಿಂದ, ೨೦೧೨ರಲ್ಲಿ ಭಾರತದ ವಿಷಯಗಳನ್ನು ಬರೆಯುವ ಸದಸ್ಯರೇ ಚರ್ಚಿಸಿ, ಲೇಖನದ ಪ್ರಾರಂಭದಲ್ಲಿ ಭಾರತೀಯ ಲಿಪಿ ಯಾವುದೂ ಬೇಡವೆಂದು ತೀರ್ಮಾನಿಸಿಕೊಂಡರು. ಬೆಳಗಾವಿಯಂತಹ ಗಡಿ ಊರಿನ ಪುಟದಲ್ಲಿ ಕನ್ನಡವೂ ಮರಾಠಿಯೂ ಒಂದರ ಮೇಲೊಂದು ಏರಲು ಹೊರಟರೆ ಏನಾದೀತೆಂಬುದನ್ನು ನಮ್ಮ ಓದುಗರು ಊಹಿಸಬಲ್ಲರು. ಅಣ್ಣತಮ್ಮಂದಿರು ಮನೆಯ ತೊಟ್ಟಿಲಿಗಾಗಿ ಕಚ್ಚಾಡಿದರೆಂದು ಅಜ್ಜಿ ಅದನ್ನು ಅಟ್ಟಕ್ಕೇರಿಸಿದಂತಾಯಿತು.

ಕನ್ನಡದೊಳಗಿನ ತಕರಾರುಗಳು ಬೇರೆ ವಿಧದವು. ಆಸ್ಟ್ರೇಲಿಯವೇ, ಆಸ್ಟ್ರೇಲಿಯಾವೇ ಎಂಬಂತಹವು ಸುಲಭವಾಗಿ ಬಗೆಹರಿಯುತ್ತವೆ. ಎರಡು ಹೆಸರಿನಿಂದ ಹುಡುಕಿದರೂ ಒಂದೇ ಪುಟ ತೆರೆಯುವಂತೆ ಏರ್ಪಡಿಸಲು ಸಾಧ್ಯವಿದೆ. ಭಾಷೆಯ ಗುಣದ ಪ್ರಶ್ನೆ ಅಷ್ಟು ಸುಲಭವಲ್ಲ. ೨೦೦೯ರ ಸುಮಾರಿನಿಂದ ಕೆಲವು ಕಾಲ ಗೂಗಲ್ ಸಂಸ್ಥೆಯವರು ಯಂತ್ರದ ನೆರವಿನಿಂದ ಆಂಗ್ಲ ಲೇಖನಗಳನ್ನು ಅನುವಾದ ಮಾಡಿಸಿ ಕನ್ನಡವೂ ಸೇರಿದಂತೆ ನಮ್ಮ ದೇಶದ ಹಲವು ಭಾಷೆಗಳ ವಿಕಿಪೀಡಿಯಗಳಿಗೆ ಸೇರಿಸಿದರು. ಬಂಗಾಳಿಗಳು ಅಂತಹ ಬರಹ ತಮಗೆ ಬೇಡವೆಂದರು. ತಮಿಳರು ಸಂಸ್ಥೆಯವರೊಡನೆ ಗುಣಮಟ್ಟದ ವಿಷಯವಾಗಿ ಮಾತುಕತೆಗಿಳಿದರು. ಮೂರು ಮಾರು ಉದ್ದದ, ತಲೆಬುಡ ತಿಳಿಯದ ವಾಕ್ಯಗಳನ್ನು ಕನ್ನಡ ಪುಟಗಳಲ್ಲಿ ನೋಡಿ ನಕ್ಕವರು ಬಹಳ ಮಂದಿ. ಕುಳಿತು ತಿದ್ದಿದವರು ಕೆಲವೇ ಮಂದಿ.

ಚರ್ಚೆಯ ಪುಟದಲ್ಲಿ ಇಬ್ಬರೂ ಮಾತಾಡಿಯೂ ಒಮ್ಮತಕ್ಕೆ ಬಾರದಿದ್ದರೆ ಏನು ಮಾಡತಕ್ಕದ್ದು? ಆಂಗ್ಲದಲ್ಲಿ ಇದಕ್ಕೆ ಮೆಟ್ಟಿಲುಗಳುಂಟು. ಮೊದಲು, ಸಂಬಂಧವಿಲ್ಲದ ಮೂರನೆಯವರೊಬ್ಬರ ಅಭಿಪ್ರಾಯವನ್ನು ಬೇಡಬಹುದು. ಬಳಿಕ ಆ ವಿಷಯದ ಸೂಚನಾಫಲಕದಲ್ಲಿ ತಿಳಿಸಬಹುದು, ಅಥವಾ ಎಲ್ಲ ಸದಸ್ಯರ ಅಭಿಪ್ರಾಯವನ್ನೂ ಕರೆದು ಒಂದು ತಿಂಗಳಷ್ಟು ಕಾಲ ಕಾಯಬಹುದು. ಕೊನೆಯದು ಸದಸ್ಯರೇ ಚುನಾಯಿಸಿದ ಪಂಚಾಯ್ತಿ ಸಮಿತಿ. ಅದು ಕೂಡ ಸದಸ್ಯರ ನಡತೆಯನ್ನು ವಿಚಾರಿಸುತ್ತದೆಯೇ ಹೊರತು ಬೆಂದ ಕಾಳು ನಿಜವೋ ಸುಳ್ಳೋ ಎಂದು ತೀರ್ಪು ಕೊಡುವುದಿಲ್ಲ. ಕನ್ನಡದಲ್ಲಿ ಇಷ್ಟೆಲ್ಲ ಕಟ್ಟಡವಿಲ್ಲ. ಅಲ್ಲಿ ಊರಿನವರು ಸೇರಿ ಮಾತಾಡುವ ಪುಟಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರಿಟ್ಟಿದ್ದಾರೆ. ಹೆಸರೇನೋ ಬಹು ಚೆನ್ನಾಗಿದೆ. ಆದರೆ ನಮ್ಮ ಕಟ್ಟೆಯ ಮೇಲೆ ಕುಳಿತಿರುವವರು ಬೆರಳೆಣಿಕೆಯಷ್ಟು ಮಂದಿ. ಪ್ರಶ್ನೆ ಹಾಕಿದರೆ ಉತ್ತರ ಬರುವುದಕ್ಕೆ ದಿನಗಳೇ ಹಿಡಿಯಬಹುದು. ಬಾರದಿದ್ದರೆ ಯಾರೂ ಕೇಳುವುದಿಲ್ಲವೆಂದು ಸಿಟ್ಟಾಗದೆ, ವಿನಯದಿಂದ ಇನ್ನೊಮ್ಮೆ ಕೇಳಬೇಕು. ಇಷ್ಟು ಸಣ್ಣ ಕೂಟದಲ್ಲಿ ಜಗಳವಾಡಿ ಒಬ್ಬರು ಬಿಟ್ಟುಹೋದರೆ, ಒಂದು ವಿಷಯದ ಪುಟಗಳನ್ನು ನೋಡಿಕೊಳ್ಳುವವರೇ ಇಲ್ಲದಂತಾಗುತ್ತದೆ. ಆಂಗ್ಲದಲ್ಲಿ ಒಬ್ಬರು ಹೋದರೆ ಅದು ತಿಳಿಯುವುದೂ ಇಲ್ಲ.

ಈಗ ತಡೆಯ ವಿಚಾರಕ್ಕೆ ಬರುತ್ತೇನೆ. ತಡೆಯೆಂದರೆ ಓದುವುದಕ್ಕೆ ಅಡ್ಡಿಯಲ್ಲ, ಬರೆಯುವುದಕ್ಕೆ ಮಾತ್ರ. ಅದರ ಸೂಚನೆಯಲ್ಲಿ ಮೂರು ವಿಷಯಗಳಿರುತ್ತವೆ: ತಡೆದ ನಿರ್ವಾಹಕರು ಯಾರು, ಕಾರಣವೇನು, ಎಷ್ಟು ಕಾಲ. ಹುಡುಗಿಯಾಗಲಿ ತಾಯಿಯಾಗಲಿ ಈ ಮೂರನ್ನೂ ಓದಿರಲಿಲ್ಲ. ‘ತಡೆ’ ಎಂಬ ಒಂದು ಮಾತನ್ನು ಕಂಡೊಡನೆಯೇ ಅಳುವೂ ಕೋಪವೂ ಬಂದುಬಿಟ್ಟಿದ್ದವು. ತಡೆಯನ್ನು ಶಿಕ್ಷೆಯೆಂದು ತಿಳಿಯುವುದೇ ಮೊದಲ ತಪ್ಪು. ಆಗುತ್ತಿರುವ ಕೆಡುಕು ಮುಂದುವರಿಯದಿರಲೆಂದು ಹಾಕುವ ಅಗಳಿ ಅದು. ಕೆಲವು ತಡೆಗಳು ಒಂದೆರಡು ಪುಟಗಳಿಗೆ ಮಾತ್ರ ಅನ್ವಯಿಸುತ್ತವೆ, ಕೆಲವು ಇಡೀ ವಿಶ್ವಕೋಶಕ್ಕೆ. ಕೆಲವಕ್ಕೆ ಅವಧಿಯುಂಟು, ಕೆಲವು ಅನಿರ್ದಿಷ್ಟ. ಅನಿರ್ದಿಷ್ಟವೆಂದರೆ ಶಾಶ್ವತವೆಂದಲ್ಲ, ಕೆಡುಕು ಮರುಕಳಿಸುವುದಿಲ್ಲವೆಂಬ ಭರವಸೆ ಬರುವವರೆಗೆ ಎಂದರ್ಥ.

ಇಪ್ಪತ್ತನಾಲ್ಕು ಗಂಟೆಗಳ ತಡೆಯಾದರೆ ಶನಿವಾರ ರಾತ್ರಿಗೇ ಅದು ತಾನಾಗಿ ತೀರಿಹೋಗುತ್ತಿತ್ತು. ಸೋಮವಾರ ನನ್ನ ಬಳಿ ಬರಲು ಕಾರಣವೇ ಇರಲಿಲ್ಲ. ಹೀಗಿರಲು ಏನಾಯಿತೆಂದು ಮತ್ತೆ ಕೇಳಿದಾಗ ಹುಡುಗಿ ತಲೆ ತಗ್ಗಿಸಿದಳು. ಶನಿವಾರ ಬೆಳಿಗ್ಗೆ ತಾಯಿಯ ಮೊಬೈಲಿನಿಂದ ಬೇರೊಂದು ಹೆಸರಿನಲ್ಲಿ ಖಾತೆ ತೆರೆದು, ಅದೇ ಪುಟಕ್ಕೆ ಹೋಗಿ, ಅದೇ ಭಾಗವನ್ನು ಅಳಿಸಿದ್ದಳು. ಒಬ್ಬರೇ ಇಬ್ಬರಂತೆ ನಟಿಸುವ ಈ ಕೆಲಸಕ್ಕೆ ಅಲ್ಲಿ ಕೈಗೊಂಬೆಯಾಟವೆಂಬ ಅರ್ಥ ಬರುವ ಹೆಸರಿದೆ. ಅದನ್ನು ಬಹು ಬೇಗನೆ ಕಂಡುಹಿಡಿಯುತ್ತಾರೆ. ಒಂದೇ ವಾಕ್ಯಕ್ಕಾಗಿ, ಒಂದೇ ಶೈಲಿಯಲ್ಲಿ ಇಬ್ಬರು ಹೊಸಬರು ಒಂದೇ ದಿನ ಹೋರಾಡಿದರೆ ಕಂಡುಹಿಡಿಯಲು ಬಹಳ ಜಾಣತನವೂ ಬೇಕಿಲ್ಲ. ಎರಡನೆಯ ಖಾತೆಗೆ ಅನಿರ್ದಿಷ್ಟ ತಡೆ, ಮೊದಲನೆಯದಕ್ಕೆ ಎರಡು ವಾರ. ತಾಯಿಗೆ ಈ ಸಂಗತಿ ಗೊತ್ತಿರಲಿಲ್ಲ. “ನನ್ನ ಫೋನಿನಿಂದಲೇ?” ಎಂದು ಮಗಳ ಕಡೆಗೆ ತಿರುಗಿದವಳ ಮುಖ ನೋಡಿ, ನಾನು ಅಟೆಂಡರಳನ್ನು ಕರೆದು ಮೂರು ಲೋಟ ಚಹ ತರಿಸಿದೆನು.

ತಡೆಗೊಳಗಾದವರಿಗೂ ತಮ್ಮ ಸದಸ್ಯ ಚರ್ಚೆಪುಟದಲ್ಲಿ ಬರೆಯುವ ಅವಕಾಶವನ್ನು ಸಾಮಾನ್ಯವಾಗಿ ಉಳಿಸಿರುತ್ತಾರೆ. ಅಹವಾಲನ್ನು ಅಲ್ಲಿ ಸಲ್ಲಿಸಬೇಕು. ತಡೆದವರಲ್ಲದ ಬೇರೊಬ್ಬ ನಿರ್ವಾಹಕರು ಅದನ್ನು ಪರಿಶೀಲಿಸುತ್ತಾರೆ. ಹುಡುಗಿ ಭಾನುವಾರವೇ ಒಂದು ಅಹವಾಲನ್ನು ಬರೆದು, ಅದು ತಿರಸ್ಕೃತವೂ ಆಗಿತ್ತು. ಅದರ ತಾತ್ಪರ್ಯವಿಷ್ಟು: ನಾನು ಬರೆದದ್ದು ಸತ್ಯ. ಆ ಮನುಷ್ಯನಿಗೆ ಇತಿಹಾಸ ತಿಳಿಯದು. ಅವರನ್ನು ತಡೆಯದೆ ನನ್ನನ್ನೇಕೆ ತಡೆದಿರಿ? ಎರಡನೆಯ ಖಾತೆ ನನ್ನದಲ್ಲ, ನನ್ನ ಅಕ್ಕನದು.

ಇವಳಿಗೆ ಅಕ್ಕನೇ ಇಲ್ಲ! ಹೋಂವರ್ಕ್ ಪುಸ್ತಕವನ್ನು ತಮ್ಮ ಹರಿದನೆಂಬ ಸಮಾಧಾನವನ್ನು ಇಪ್ಪತ್ತನಾಲ್ಕು ವರ್ಷಗಳಿಂದ ಕೇಳುತ್ತಿರುವ ನನಗೆ ಇದು ಹೊಸದಲ್ಲ, ಆ ನಿರ್ವಾಹಕರಿಗೂ ಹೊಸದಾಗಿರಲಾರದು. ಅಹವಾಲನ್ನು ಓದುವವರು ತಿಳಿಯಬಯಸುವುದು ಎರಡೇ ವಿಷಯ. ತಾನು ಮಾಡಿದ್ದೇನೆಂಬುದು ಇವರಿಗೆ ಅರ್ಥವಾಗಿದೆಯೇ? ಬಿಟ್ಟರೆ ಮುಂದೆ ಬೇರೆ ರೀತಿಯಲ್ಲಿ ನಡೆದುಕೊಳ್ಳುವರೇ? ಎದುರಿನವರ ತಪ್ಪು ಅಲ್ಲಿ ಪ್ರಸ್ತುತವಲ್ಲ, ಶಾಸನದ ಕಾಲವೂ ಅಲ್ಲ. ದೀರ್ಘವಾದ ಕ್ಷಮಾಪಣೆಯೂ ಬೇಕಿಲ್ಲ. ನಮ್ಮ ದೇಶದಲ್ಲಿ ಅರ್ಜಿಯೆಂದರೆ ಅರ್ಧ ಪುಟ ನಮಸ್ಕಾರ, ಅರ್ಧ ಪುಟ ದೈನ್ಯ. ಅದರಿಂದ ಅಲ್ಲಿ ಏನೂ ಸಾಧಿಸದು. ಪಾಠದ ಅವಧಿಗಳ ನಡುವೆ ಬಂದು ಹೋಗಿ ಹುಡುಗಿ ನಾಲ್ಕು ಕರಡುಗಳನ್ನು ಬರೆದಳು. ಮೂರನೆಯದರಲ್ಲಿಯೂ “ಆದರೆ ಅವರೇ ಮೊದಲು” ಎಂಬ ಮಾತು ಎಲ್ಲಿಂದಲೋ ನುಸುಳಿಬಂದಿತ್ತು. ನಾಲ್ಕನೆಯದು ಹೀಗಿತ್ತು: ಒಂದು ರಾತ್ರಿಯಲ್ಲಿ ಐದು ಸಲ ಆ ಭಾಗವನ್ನು ಅಳಿಸಿದೆನು, ಚರ್ಚೆಪುಟದಲ್ಲಿ ಒಂದು ಮಾತನ್ನೂ ಬರೆಯಲಿಲ್ಲ, ಮತ್ತೊಬ್ಬ ಸದಸ್ಯರನ್ನು ಹೀನಾಯವಾಗಿ ಕರೆದೆನು. ತಡೆಯಿರುವಾಗ ಎರಡನೆಯ ಖಾತೆ ತೆರೆದವಳು ನಾನೇ. ಅಕ್ಕನೆಂದು ಬರೆದದ್ದು ಸುಳ್ಳು. ಇನ್ನು ಮೇಲೆ ಒಂದೇ ಖಾತೆಯನ್ನು ಉಪಯೋಗಿಸುವೆನು. ಆ ಭಾಗವನ್ನು ನಾನಾಗಿ ಮುಟ್ಟದೆ, ಆಧಾರಗ್ರಂಥದೊಡನೆ ಚರ್ಚೆಪುಟದಲ್ಲಿ ಸೂಚಿಸುವೆನು.

ಸುಳ್ಳೆಂದು ಒಪ್ಪಿಕೊಂಡ ವಾಕ್ಯವನ್ನು ಬರೆಯಲು ಅವಳಿಗೆ ಹಿಡಿದಷ್ಟು ಹೊತ್ತು ಉಳಿದ ಯಾವುದಕ್ಕೂ ಹಿಡಿಯಲಿಲ್ಲ. ಅದನ್ನು ಬಿಟ್ಟುಬಿಡಬಹುದೇ, ಮಿಸ್, ಎಂದು ಎರಡು ಸಲ ಕೇಳಿದಳು. ನಾನು ಬರೆಯೆಂದೂ ಹೇಳಲಿಲ್ಲ, ಬಿಡೆಂದೂ ಹೇಳಲಿಲ್ಲ.

ಇದಕ್ಕಿಂತ ದೊಡ್ಡ ಅಪರಾಧಗಳಿಗೆ ಸಿಕ್ಕಿದವರಿಗೂ ಆಂಗ್ಲ ವಿಕಿಪೀಡಿಯದಲ್ಲಿ ಒಂದು ವಾಡಿಕೆಯ ದಾರಿಯುಂಟು: ಆರು ತಿಂಗಳು ಯಾವ ಹೆಸರಿನಿಂದಲೂ ಬರೆಯದೆ ಸುಮ್ಮನಿದ್ದು, ತಡೆಗೆ ಕಾರಣವಾದ ನಡತೆಯನ್ನು ಬಿಡುತ್ತೇನೆಂದು ತಿಳಿಸಿದರೆ ಪುನಃ ವಿಚಾರ ಮಾಡುತ್ತಾರೆ. ಆ ಅವಧಿಯಲ್ಲಿ ಬೇರೆ ಭಾಷೆಯ ವಿಕಿಪೀಡಿಯದಲ್ಲಿ ಒಳ್ಳೆಯ ಕೆಲಸ ಮಾಡಿದರೆ ಅದೂ ಅವರ ಪರವಾಗಿ ನಿಲ್ಲುತ್ತದೆ. ಕನ್ನಡ ಬಲ್ಲವರಿಗೆ ಇದು ಅನುಕೂಲವೇ.

ಏನೂ ಮಾಡದೆಯೇ ತಡೆಯ ಸೂಚನೆಯನ್ನು ಕಾಣುವವರೂ ಇದ್ದಾರೆ. ಶಾಲೆಯ ಕಂಪ್ಯೂಟರುಗಳೆಲ್ಲ ಹೊರಗಿನವರಿಗೆ ಒಂದೇ ವಿಳಾಸದಿಂದ ಬಂದಂತೆ ಕಾಣುತ್ತವೆ. ಮೊಬೈಲು ಕಂಪೆನಿಗಳ ಸಾವಿರಾರು ಗಿರಾಕಿಗಳೂ ಒಂದೇ ವಿಳಾಸವನ್ನು ಹಂಚಿಕೊಂಡಿರಬಹುದು. ಅಲ್ಲಿ ಒಬ್ಬರು ಪುಂಡಾಟ ಮಾಡಿದರೆ, ರಾಜಾಜಿನಗರದ ಯಾವುದೋ ಹುಡುಗನ ತಂಟೆಯಿಂದ ಕೆಂಗೇರಿಯ ಅಜ್ಜಿಗೆ ಬಾಗಿಲು ಮುಚ್ಚಬಹುದು. ಅಂತಹವರು ಗಾಬರಿಪಡಬೇಕಿಲ್ಲ. ಸೂಚನೆಯಲ್ಲಿ ತಮ್ಮ ಹೆಸರಿದೆಯೇ ಅಥವಾ ವಿಳಾಸಸಂಖ್ಯೆಯಿದೆಯೇ ಎಂದು ನೋಡಿ, ವಿಳಾಸಕ್ಕೆ ಬಿದ್ದ ತಡೆಯಾಗಿದ್ದರೆ ಹಾಗೆಂದೇ ತಿಳಿಸಬೇಕು. ಅನೇಕ ವೇಳೆ ಖಾತೆಯಿಂದ ಒಳಹೊಕ್ಕರೇ ಸಾಕಾಗುತ್ತದೆ.

ನನ್ನದೇ ಒಂದು ಅವಿವೇಕವನ್ನೂ ಇಲ್ಲಿ ಹೇಳದಿದ್ದರೆ ಹುಡುಗಿಗೆ ಅನ್ಯಾಯವಾದೀತು. ನಾಲ್ಕು ವರ್ಷಗಳ ಹಿಂದೆ ನಮ್ಮ ಶಾಲೆಯ ಹೆಸರಿನಲ್ಲೇ ಆಂಗ್ಲ ವಿಕಿಪೀಡಿಯದಲ್ಲಿ ಒಂದು ಖಾತೆ ತೆರೆದು, ಅದರ ಗುಪ್ತಪದವನ್ನು ಸಿಬ್ಬಂದಿಯ ಕೊಠಡಿಯ ಫಲಕದ ಮೇಲೆ ಬರೆದಿಟ್ಟು, ನಮ್ಮ ಶಾಲೆಯನ್ನು ಹೊಗಳುವ ಒಂದು ಲೇಖನವನ್ನು ನಾನೇ ಬರೆದೆನು. ಮರುದಿನ ಲೇಖನವೂ ಇಲ್ಲ, ಖಾತೆಗೂ ತಡೆ. ಸಂಸ್ಥೆಯ ಹೆಸರಿನ ಖಾತೆ ಕೂಡದು, ಒಂದು ಖಾತೆಯನ್ನು ಹಲವರು ಬಳಸಕೂಡದು, ತನ್ನ ಸಂಸ್ಥೆಯನ್ನು ತಾನೇ ವರ್ಣಿಸಲು ಹೊರಡುವುದು ಯೋಗ್ಯವಲ್ಲ, ಹೀಗೆ ಒಂದೇ ದಿನದಲ್ಲಿ ಮೂರು ನಿಯಮಗಳನ್ನು ಮುರಿದಿದ್ದೆನು. ನಾನು ಅಹವಾಲನ್ನೂ ಬರೆಯಲಿಲ್ಲ. ನಾಚಿಕೆಯಿಂದ ಸುಮ್ಮನಾಗಿಬಿಟ್ಟೆನು. ಆ ಬಳಿಕ ಇಪ್ಪತ್ತು ಹುಡುಗಿಯರನ್ನು ಕಂಪ್ಯೂಟರ್ ಕೊಠಡಿಯಲ್ಲಿ ಕೂರಿಸಿ ಒಬ್ಬೊಬ್ಬರಿಗೂ ಖಾತೆ ತೆರೆಸಹೋದಾಗ ಆರನೆಯವಳಾದ ಮೇಲೆ ಯಂತ್ರ ನಿರಾಕರಿಸಿತು. ಒಂದು ವಿಳಾಸದಿಂದ ದಿನಕ್ಕೆ ಆರು ಖಾತೆಗಳಿಗಿಂತ ಹೆಚ್ಚು ತೆರೆಯಲು ಬರುವುದಿಲ್ಲವಂತೆ. ಮೊದಲೇ ಕೇಳಿಕೊಂಡರೆ ಆ ಮಿತಿಯನ್ನು ಸಡಿಲಿಸುತ್ತಾರೆ, ಅಥವಾ ಮಕ್ಕಳು ಮನೆಯಿಂದಲೇ ತೆರೆದುಕೊಂಡು ಬರಬಹುದು. ಇದನ್ನು ಬೇರೆ ಶಾಲೆಗಳ ಉಪಾಧ್ಯಾಯಿನಿಯರ ಅವಗಾಹನೆಗಾಗಿ ಬರೆದಿದ್ದೇನೆ.

ವಕೀಲರ ನೋಟೀಸಿನ ವಿಚಾರ. ಅಲ್ಲಿ ಕೋರ್ಟಿನ ಬೆದರಿಕೆ ಹಾಕಿದವರನ್ನು, ಆ ಬೆದರಿಕೆಯನ್ನು ಹಿಂತೆಗೆದುಕೊಳ್ಳುವವರೆಗೆ, ಅದೇ ಕಾರಣಕ್ಕೆ ತಡೆಯುವುದುಂಟು. ದೊಡ್ಡವರು ನಿಜವಾಗಿಯೇ ಕೋರ್ಟಿಗೆ ಹೋದದ್ದೂ ಉಂಟು. ಏ.ಎನ್.ಐ. ಎಂಬ ಸುದ್ದಿಸಂಸ್ಥೆಯವರು ೨೦೨೪ನೆಯ ಜುಲೈನಲ್ಲಿ, ತಮ್ಮ ವಿಷಯದ ಪುಟದಿಂದ ಮಾನನಷ್ಟವಾಯಿತೆಂದು ೨ ಕೋಟಿ ರೂಪಾಯಿಗಳಿಗೆ ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಆ ಮೊಕದ್ದಮೆಯ ಬಗೆಗೆ ಸದಸ್ಯರು ಬರೆದಿದ್ದ ಇನ್ನೊಂದು ಪುಟವನ್ನು ಅಕ್ಟೋಬರಿನಲ್ಲಿ ನ್ಯಾಯಾಲಯದ ಆಜ್ಞೆಯಂತೆ ತೆಗೆಯಬೇಕಾಯಿತು. ಆ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು ೨೦೨೫ನೆಯ ಮೇ ೯ರಂದು ರದ್ದುಗೊಳಿಸಿತು. ಒಂಬತ್ತನೆಯ ತರಗತಿಯ ಹುಡುಗಿಯ ಎರಡು ವಾರಗಳ ತಡೆಗೆ ಆ ದಾರಿ ಬೇಡವೆಂದು ಅವಳ ತಂದೆಯವರಿಗೆ ದೂರವಾಣಿಯಲ್ಲಿ ತಿಳಿಸಿದೆನು. ಅವರೂ ನಕ್ಕರು.

ಪೋಷಕರಿಗೆ ಒಂದು ಮಾತು. ಮಕ್ಕಳು ತಮ್ಮ ಸದಸ್ಯ ಪುಟದಲ್ಲಿ ನಿಜವಾದ ಹೆಸರು, ವಯಸ್ಸು, ಶಾಲೆ, ಬಡಾವಣೆ ಯಾವುದನ್ನೂ ಬರೆಯದಂತೆ ನೋಡಿಕೊಳ್ಳಿರಿ. ಬರೆದದ್ದೆಲ್ಲವೂ ಇತಿಹಾಸದ ಪಟ್ಟಿಯಲ್ಲಿ ಉಳಿಯುತ್ತದೆ. ಅಪ್ಪಿತಪ್ಪಿ ಬರೆದುಬಿಟ್ಟರೆ ಅದನ್ನು ಮರೆಮಾಡಿರೆಂದು ಕೇಳುವ ಏರ್ಪಾಡುಂಟು, ತಡಮಾಡದೆ ಕೇಳಬೇಕು. ರಾತ್ರಿ ಹತ್ತರ ಮೇಲೆ ಯಾವ ಚರ್ಚೆಯನ್ನೂ ಬೆಳೆಸಬಾರದೆಂಬುದು ಮಾತ್ರ ವಿಕಿಪೀಡಿಯದ್ದಲ್ಲ, ನನ್ನ ನಿಯಮ.

ನಾಲ್ಕನೆಯ ಕರಡನ್ನು ಹುಡುಗಿ ಸೋಮವಾರ ಸಂಜೆ ಸಲ್ಲಿಸಿದಳು. ಅಕ್ಕನ ವಾಕ್ಯವನ್ನು ಬಿಟ್ಟಿರಲಿಲ್ಲ. ಬುಧವಾರ ಬೇರೊಬ್ಬ ನಿರ್ವಾಹಕರು ಅದನ್ನು ಓದಿ, ಆ ಪುಟದ ಆ ಭಾಗವನ್ನು ತಾನಾಗಿ ತಿದ್ದಬಾರದೆಂಬ ಷರತ್ತಿನ ಮೇಲೆ ತಡೆಯನ್ನು ತೆಗೆದರು. ಅವಳು ನಮ್ಮ ಗ್ರಂಥಾಲಯದಲ್ಲಿ ಬೆಂಗಳೂರಿನ ಇತಿಹಾಸದ ಪುಸ್ತಕವೊಂದನ್ನು ಹುಡುಕಿ, ಪುಟಸಂಖ್ಯೆಯನ್ನು ಗುರುತುಮಾಡಿ, ಚರ್ಚೆಪುಟದಲ್ಲಿ ಆರು ಸಾಲುಗಳನ್ನು ಬರೆದಳು. ಐದು ಸಲ ಅವಳ ಕೆಲಸವನ್ನು ಹಿಂದಿರುಗಿಸಿದ್ದ ಸದಸ್ಯರೇ ಮೊದಲು ಉತ್ತರ ಕೊಟ್ಟರು. ಅವರಿಗೂ ಶಾಸನದ ವಿಷಯ ಗೊತ್ತಿತ್ತು. ಕಥೆಯನ್ನು ಅಳಿಸಿದ್ದಕ್ಕಷ್ಟೇ ಅವರ ಆಕ್ಷೇಪ. ಶಾಸನದ ಮಾತನ್ನು ಮೊದಲಿಟ್ಟು, ಬೆಂದ ಕಾಳಿನದನ್ನು ಐತಿಹ್ಯವೆಂದು ಅದರ ಕೆಳಗಿಡೋಣವೆಂದು ಇಬ್ಬರೂ ಒಪ್ಪಿದರು. ವಾಕ್ಯವನ್ನು ಅವರು ಬರೆದರು, ಪುಟಸಂಖ್ಯೆಯನ್ನು ಇವಳು ಕೊಟ್ಟಳು.

ಈಗ ಅವಳೂ ಅವಳ ಗೆಳತಿಯರು ಐವರೂ ಶನಿವಾರಗಳಲ್ಲಿ ಮಧ್ಯಾಹ್ನ ಕಂಪ್ಯೂಟರ್ ಕೊಠಡಿಯಲ್ಲಿ ಕುಳಿತು ಕನ್ನಡ ವಿಕಿಪೀಡಿಯದಲ್ಲಿ ಕೆಂಗೇರಿ, ವೃಷಭಾವತಿ ನದಿ ಮುಂತಾದ ನಮ್ಮ ಸುತ್ತಿನ ವಿಷಯಗಳ ಪುಟಗಳನ್ನು ಓದಿ, ಆಧಾರವಿಲ್ಲದ ವಾಕ್ಯಗಳನ್ನು ಪಟ್ಟಿ ಮಾಡುತ್ತಿದ್ದಾರೆ. ಪಟ್ಟಿ ಉದ್ದವಾಗಿದೆ, ಪುಸ್ತಕಗಳು ಸಾಲವು. ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿ ಈ ಕಡೆಯ ಊರುಗಳನ್ನು ಕುರಿತು ಅಚ್ಚಾದ ಹಳೆಯ ಗ್ಯಾಸೆಟಿಯರು, ಶಾಸನಸಂಪುಟ, ಊರ ಚರಿತ್ರೆ, ಬಡಾವಣೆಯ ಸಂಘಗಳ ಸಂಚಿಕೆ ಏನಿದ್ದರೂ ಒಂದು ತಿಂಗಳ ಮಟ್ಟಿಗೆ ಶಾಲೆಯ ಗ್ರಂಥಾಲಯಕ್ಕೆ ಕಡವಾಗಿ ಕೊಟ್ಟರೆ, ರಸೀತಿ ಕೊಟ್ಟು ಜೋಪಾನವಾಗಿ ಹಿಂದಿರುಗಿಸುತ್ತೇವೆ. ಮೆಟ್ರೋ ರೈಲಿನಲ್ಲಿ ಬರುವವರು ಕೆಂಗೇರಿಯ ನಿಲ್ದಾಣದಲ್ಲಿ ಇಳಿದು ಶಾಲೆಗೆ ಫೋನ್ ಮಾಡಿದರೆ, ಪುಸ್ತಕ ಹೊರಲು ಇಬ್ಬರು ಹುಡುಗಿಯರನ್ನು ಕಳುಹಿಸಿಕೊಡುವೆನು.